ಪರೀಕ್ಷೆ ಮಾಡಿಸಿಕೊಂಡವರಿಗೆ ದಂಡ ಹಾಕಬೇಡಿ: ಆರೋಗ್ಯ ವಿಮೆಯ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಖಾಸಗಿ ಆರೋಗ್ಯ ವಿಮೆಯ ನಿಯಮ ರೂಪಿಸುವ ಪ್ರಾಧಿಕಾರಗಳಿಗೆ, ಆ ನಿಯಮ ಹಿಡಿದು ಅರ್ಜಿ ಒಪ್ಪುವ, ಕ್ಲೇಮ್ ತಿರಸ್ಕರಿಸುವ ವಿಮಾ ಕಂಪನಿಗಳ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಲ್ಯಾಬ್ ಟೆಕ್ನೀಷಿಯನ್. ಇಪ್ಪತ್ತೆರಡು ವರ್ಷಗಳಿಂದ ಜನರ ತೋಳಿಗೆ ಪಟ್ಟಿ ಕಟ್ಟಿ, ರಕ್ತ ತೆಗೆದು, ಯಂತ್ರಕ್ಕಿಟ್ಟು, ಬಂದ ಅಂಕಿಗಳನ್ನು ಕಾಗದದ ಮೇಲೆ ಇಳಿಸಿ ಕೈಗೆ ಕೊಡುವುದೇ ನನ್ನ ಕೆಲಸ. ನೀವು ಯಾರದೋ ಅರ್ಜಿಯ ಜೊತೆ ನೋಡುವ ರಿಪೋರ್ಟು ನನ್ನಂಥವರ ಮೇಜಿನಿಂದಲೇ ಹೊರಟು ಬಂದಿರುತ್ತದೆ. ಆ ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ನನಗೆ ಗೊತ್ತು. ನಿಮ್ಮ ಕಚೇರಿ ತಲುಪುವಷ್ಟರಲ್ಲಿ ಅದು ಹೇಳದೇ ಇದ್ದುದನ್ನೂ ಹೇಳಿದ ಹಾಗೆ ಓದಲಾಗುತ್ತಿದೆ. ಅದಕ್ಕೇ ಈ ಪತ್ರ.

ಒಬ್ಬ ಹೆಂಗಸಿನ ವಿಷಯ ಮೊದಲು ಹೇಳುತ್ತೇನೆ, ಗುರುತು ಸಿಗದ ಹಾಗೆ. ವಯಸ್ಸು ನಲವತ್ತೈದರ ಆಸುಪಾಸು. ಕೆಲಸ ಮಾಡುವ ಜಾಗದಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆಯಿತು, ಎಲ್ಲರ ಜೊತೆ ಇವರೂ ಸಾಲಿನಲ್ಲಿ ನಿಂತು ರಕ್ತ ಕೊಟ್ಟರು. ಖಾಲಿ ಹೊಟ್ಟೆಯ ಸಕ್ಕರೆ 108 ಬಂತು. ರಿಪೋರ್ಟಿನಲ್ಲಿ ಆ ಅಂಕಿಯ ಪಕ್ಕ ದಪ್ಪಕ್ಷರದಲ್ಲಿ 'ಎಚ್' (ಹೈ, ಅಂದರೆ ಮಿತಿಗಿಂತ ಹೆಚ್ಚು), ಕೆಳಗೆ 'ಬಾರ್ಡರ್‌ಲೈನ್' ಎಂಬ ಒಂದು ಪದ. ಹೆದರಿ ವಾರದ ಮೇಲೆ ನಮ್ಮಲ್ಲಿಗೆ ಬಂದು ಮತ್ತೆ ಪರೀಕ್ಷೆ ಮಾಡಿಸಿದರು. 96. ಮಾಮೂಲು. ವೈದ್ಯರು ಏನೂ ಇಲ್ಲ, ನಡೆದಾಡಿ ಎಂದರು. ಅವರೂ ಮರೆತರು. ಕೆಲವು ತಿಂಗಳಾದ ಮೇಲೆ ಖಾಸಗಿ ವಿಮೆ ಮಾಡಿಸಿದರು. ಫಾರ್ಮಿನಲ್ಲಿ 'ಮಧುಮೇಹ ಇದೆಯೇ' ಎಂದಿತ್ತು, ಇಲ್ಲ ಎಂದು ಬರೆದರು. ಎರಡು ವರ್ಷ ಕಂತು ಕಟ್ಟಿದರು. ಮೂರನೆಯ ವರ್ಷ ಹೃದಯದ ರಕ್ತನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಬೇಕಾಯಿತು.

ಕ್ಲೇಮ್ ಹೋಯಿತು. ಕಂಪನಿ ಹಳೆಯ ದಾಖಲೆಗಳನ್ನು ಕೇಳಿತು, ಶಿಬಿರದ ರಿಪೋರ್ಟು ಆಸ್ಪತ್ರೆಯ ಕಡತದಲ್ಲಿತ್ತು. ವಿಷಯ ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮ್ ರಿಜೆಕ್ಟ್ ಆಯಿತು.

ಆಮೇಲೆ ಅವರು ನಮ್ಮ ಕೌಂಟರಿಗೆ ಬಂದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಮಡಿಕೆಯಲ್ಲಿ ಹರಿಯಲು ಬಂದಿದ್ದ ಶಿಬಿರದ ಕಾಗದ. "ಈ ಎಚ್ ಅನ್ನೋದನ್ನ ತೆಗೆದು ಇನ್ನೊಂದು ಪ್ರಿಂಟ್ ಕೊಡೋಕಾಗುತ್ತಾ?" ಎಂದು ಕೇಳಿದರು. ಆಗುವುದಿಲ್ಲ, ಅದು ನಮ್ಮ ರಿಪೋರ್ಟೂ ಅಲ್ಲ ಎಂದೆ. ಆದರೆ ನೀವು ಇಲ್ಲಿ ಮತ್ತೆ ಮಾಡಿಸಿದ್ದಿರಲ್ಲ, ಅದು ಇದೆಯಾ ನೋಡೋಣ ಎಂದು ಕಂಪ್ಯೂಟರಿನಲ್ಲಿ ಹುಡುಕಿದೆ. ಹೊಸ ಸಾಫ್ಟ್‌ವೇರ್‌ಗೆ ಬದಲಾಗಿದ್ದರಿಂದ ಸಿಗಲಿಲ್ಲ. ಹಳೆಯ ರಿಜಿಸ್ಟರ್ ಪುಸ್ತಕ ತೆಗೆದು, ದಿನಾಂಕ ಅಂದಾಜು ಮಾಡಿ, ಸಾಲು ಸಾಲಾಗಿ ಬೆರಳಿಟ್ಟು ನೋಡುತ್ತಾ ಹೋದೆ. ನನ್ನದೇ ಕೈಬರಹದಲ್ಲಿ 96 ಸಿಕ್ಕಿತು. ಆ ಪುಟದ ದೃಢೀಕೃತ ಪ್ರತಿ ಮಾಡಿಕೊಟ್ಟೆವು. ದೂರು, ಮೇಲ್ಮನವಿ ಎಲ್ಲ ಮುಗಿದು ಹಣ ಕೈಸೇರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವರು ಆಸ್ಪತ್ರೆಯ ಬಿಲ್ಲಿಗೆ ಸಾಲ ಮಾಡಿ ಬಡ್ಡಿ ಕಟ್ಟುತ್ತಿದ್ದರು. ಆ ರಿಜಿಸ್ಟರ್ ಗೆದ್ದಲು ಹಿಡಿದಿದ್ದರೆ? ಅವರು ಎರಡನೆಯ ಸಲ ಪರೀಕ್ಷೆ ಮಾಡಿಸದೇ ಇದ್ದಿದ್ದರೆ?

ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಅದೇ ಸಾಲಿನಲ್ಲಿ ನಿಲ್ಲದೆ, 'ನಂಗೇನಾಗಿದೆ' ಎಂದು ಶಿಬಿರಕ್ಕೆ ಬೆನ್ನು ಹಾಕಿ ಹೋದ ಸಹೋದ್ಯೋಗಿಯೊಬ್ಬರು ಇದ್ದಿರುತ್ತಾರೆ. ಅವರ ಸಕ್ಕರೆ 160 ಇದ್ದಿರಬಹುದು. ಅವರ ಕಡತದಲ್ಲಿ ಯಾವ ಕಾಗದವೂ ಇಲ್ಲ. ಅವರ ಕ್ಲೇಮಿಗೆ ಯಾವ ತಕರಾರೂ ಬರುತ್ತಿರಲಿಲ್ಲ. ಮೈಮೇಲೆ ಎಚ್ಚರವಿದ್ದವರಿಗೆ ಶಿಕ್ಷೆ, ಕಣ್ಣು ಮುಚ್ಚಿಕೊಂಡವರಿಗೆ ರಕ್ಷೆ. ನಿಮ್ಮ ನಿಯಮ ಇಂದು ಕೆಲಸ ಮಾಡುತ್ತಿರುವುದು ಹೀಗೆ.

ಆ 'ಎಚ್' ಎಲ್ಲಿಂದ ಬರುತ್ತದೆ ಎಂದು ವಿಮಾ ಕಚೇರಿಯಲ್ಲಿ ಎಷ್ಟು ಜನಕ್ಕೆ ಗೊತ್ತೋ, ನಾನು ಹೇಳಿಬಿಡುತ್ತೇನೆ. ಬಹುಪಾಲು ರಕ್ತ ಪರೀಕ್ಷೆಗಳಿಗೆ 'ಸಾಮಾನ್ಯ ಮಿತಿ' ಹಾಕುವುದು ಹೀಗೆ: ಆರೋಗ್ಯವಾಗಿರುವ ಜನರನ್ನು ಆರಿಸುತ್ತಾರೆ, ಕನಿಷ್ಠ 120 ಮಂದಿ ಇರಬೇಕು ಎಂಬುದು ಪ್ರಯೋಗಾಲಯಗಳ ರೂಢಿ. ಅವರ ರಕ್ತ ಪರೀಕ್ಷಿಸಿ, ಬಂದ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಕೆಳಗಿನ ಶೇ. 2.5 ಮತ್ತು ಮೇಲಿನ ಶೇ. 2.5 ಕತ್ತರಿಸಿ, ನಡುವೆ ಉಳಿದ ಶೇ. 95 ಭಾಗಕ್ಕೆ 'ಸಾಮಾನ್ಯ' ಎಂದು ಹೆಸರಿಡುತ್ತಾರೆ. ಕತ್ತರಿಸಿ ಹೋದವರೂ ಆರೋಗ್ಯವಂತರೇ. ಅಂದರೆ ಮಿತಿ ಗೊತ್ತುಮಾಡುವಾಗಲೇ, ಆರೋಗ್ಯವಂತರ ಪೈಕಿ ಇಪ್ಪತ್ತರಲ್ಲಿ ಒಬ್ಬರು 'ಅಸಹಜ' ಎಂದು ಬರಲಿ ಎಂದು ಒಪ್ಪಿಕೊಂಡಿರುತ್ತೇವೆ.

ಒಂದೇ ಪರೀಕ್ಷೆಯಾದರೆ ಇಪ್ಪತ್ತರಲ್ಲಿ ಒಂದು. ಈಗ ಯಾರೂ ಒಂದೇ ಪರೀಕ್ಷೆ ಮಾಡಿಸುವುದಿಲ್ಲ. ಫುಲ್ ಬಾಡಿ ಚೆಕಪ್ ಎಂಬ ಪ್ಯಾಕೇಜು ಮಾಡಿಸುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳೆಂದು ಇಟ್ಟುಕೊಳ್ಳಿ, ಪೂರ್ತಿ ಆರೋಗ್ಯವಂತ ಮನುಷ್ಯನಿಗೆ ಕನಿಷ್ಠ ಒಂದಾದರೂ ದಪ್ಪಕ್ಷರ ಬೀಳುವ ಸಂಭವ ಶೇ. 64. ಅರವತ್ತು ಪರೀಕ್ಷೆಗಳಾದರೆ ಶೇ. 95. ನಿಜದಲ್ಲಿ ಕೆಲವು ಪರೀಕ್ಷೆಗಳು ಒಂದರ ಜೊತೆ ಒಂದು ಏರಿಳಿಯುವುದರಿಂದ ಲೆಕ್ಕ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಒಟ್ಟಿನ ಮಾತು ಬದಲಾಗುವುದಿಲ್ಲ. ಪ್ಯಾಕೇಜು ದೊಡ್ಡದಾದಷ್ಟೂ ಎಲ್ಲ ಸರಿಯಿದೆ ಎಂಬ ರಿಪೋರ್ಟು ಅಪರೂಪವಾಗುತ್ತದೆ. ಇಂಥ ಜನರ ಮುಂದೆ ನಿಮ್ಮ ಪ್ರಪೋಸಲ್ ಫಾರ್ಮು ಕೇಳುತ್ತದೆ: 'ನಿಮಗೆ ಎಂದಾದರೂ ಯಾವುದಾದರೂ ಪರೀಕ್ಷೆಯಲ್ಲಿ ಅಸಹಜ ಫಲಿತಾಂಶ ಬಂದಿದೆಯೇ?' ಪ್ರಾಮಾಣಿಕವಾಗಿ ಉತ್ತರಿಸಿದರೆ ಬಹುತೇಕ ಎಲ್ಲರೂ ಹೌದು ಎನ್ನಬೇಕು. ಎಲ್ಲರನ್ನೂ ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಿಸುವ ಪ್ರಶ್ನೆಯನ್ನು ಪ್ರಶ್ನೆ ಎಂದು ಹೇಗೆ ಕರೆಯುವುದು?

ಮೇಜಿನ ಈ ಕಡೆ ಕೂತವರಿಗೆ ಇನ್ನೂ ಕೆಲವು ಗೊತ್ತು. ರಕ್ತ ತೆಗೆಯುವಾಗ ಮುಷ್ಟಿ ಬಿಗಿಹಿಡಿದು ಬಿಚ್ಚಿ ಮಾಡಿದರೆ ಪೊಟ್ಯಾಸಿಯಂ ಏರುತ್ತದೆ. ಮಾದರಿಯಲ್ಲಿ ಕೆಂಪು ಕಣ ಒಡೆದರೂ ಏರುತ್ತದೆ. ಹಿಂದಿನ ದಿನ ಭಾರೀ ವ್ಯಾಯಾಮ ಮಾಡಿದ್ದರೆ ಯಕೃತ್ತಿನದು ಎಂದು ನಾವು ಅಚ್ಚು ಹಾಕುವ ಎಎಸ್‌ಟಿ ಎಂಬ ಕಿಣ್ವ ಸ್ನಾಯುವಿನಿಂದಲೇ ಬಂದು ಏರಿರಬಹುದು. ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಮಾತ್ರೆ ನುಂಗುವವರ ಥೈರಾಯ್ಡ್ ಫಲಿತಾಂಶ ಕೆಲವು ಯಂತ್ರಗಳಲ್ಲಿ ದಾರಿ ತಪ್ಪುತ್ತದೆ; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು. ಒಬ್ಬರದೇ ಖಾಲಿ ಹೊಟ್ಟೆಯ ಸಕ್ಕರೆ ಎರಡು ಬೆಳಗಿನ ನಡುವೆ ಐದಾರು ಅಂಕಿ ಆಚೀಚೆ ಆಗುವುದು ದೇಹದ ಸಹಜ ಗುಣ. ಅದಕ್ಕೇ ರೋಗಲಕ್ಷಣ ಇಲ್ಲದವರಲ್ಲಿ ಮಧುಮೇಹ ಎಂದು ಹೇಳಬೇಕಾದರೆ ಎರಡು ಫಲಿತಾಂಶಗಳು ಗೆರೆ ದಾಟಿರಬೇಕು ಎಂದು ವೈದ್ಯರ ಮಾರ್ಗಸೂಚಿ ಹೇಳುತ್ತದೆ. ವೈದ್ಯರಿಗೆ ಒಂದು ಕಾಗದ ಸಾಲದು. ಕ್ಲೇಮ್ ತಿರಸ್ಕರಿಸಲು ನಿಮಗೆ ಅದೇ ಒಂದು ಕಾಗದ ಸಾಕಾಗುತ್ತಿದೆ.

ಗೆರೆಯಾದರೂ ಒಂದೇ ಕಡೆ ನಿಂತಿದೆಯೇ? ಸಕ್ಕರೆ, ಕೊಲೆಸ್ಟರಾಲ್, ರಕ್ತದೊತ್ತಡಗಳಿಗೆ ಆ ಶೇ. 95ರ ಲೆಕ್ಕವಿಲ್ಲ, ತಜ್ಞರ ಸಮಿತಿಗಳು ಕೂತು ಗೆರೆ ಎಳೆಯುತ್ತವೆ. ಅಮೆರಿಕದ ಮಧುಮೇಹ ಸಂಘ 2003ರಲ್ಲಿ ಮಧುಮೇಹಪೂರ್ವ ಸ್ಥಿತಿಯ ಗೆರೆಯನ್ನು 110ರಿಂದ 100ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 110ರಲ್ಲೇ ಉಳಿಯಿತು. ಆ ಹೆಂಗಸಿನ 108 ಒಂದು ಪಟ್ಟಿಯಲ್ಲಿ ಬಾರ್ಡರ್‌ಲೈನ್, ಇನ್ನೊಂದರಲ್ಲಿ ಸಾಮಾನ್ಯ. ಶಿಬಿರ ನಡೆಸಿದವರ ಸಾಫ್ಟ್‌ವೇರ್‌ನಲ್ಲಿ ಯಾವ ಪಟ್ಟಿ ಹಾಕಿತ್ತು ಎಂಬುದರ ಮೇಲೆ ಅವರ ಕ್ಲೇಮಿನ ಹಣೆಬರಹ ನಿಂತಿತ್ತು. ರಕ್ತದೊತ್ತಡದ್ದೂ ಅದೇ ಕಥೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳು 2017ರಲ್ಲಿ ಅಧಿಕ ಒತ್ತಡದ ಗೆರೆಯನ್ನು 140/90ರಿಂದ 130/80ಕ್ಕೆ ಇಳಿಸಿದವು, ಯುರೋಪಿನವರು 140/90ರಲ್ಲೇ ಇದ್ದರು. ಮೈಯಲ್ಲಿ ಒಂದು ಹನಿ ರಕ್ತವೂ ಬದಲಾಗದೆ, ಅದೆಷ್ಟೋ ಜನ ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ರೋಗಿಗಳ ಪಟ್ಟಿಗೆ ಸೇರಿದರು. ವೈದ್ಯರು ಗೆರೆ ಇಳಿಸುವುದಕ್ಕೆ ಒಳ್ಳೆಯ ಕಾರಣಗಳಿವೆ, ಬೇಗ ಎಚ್ಚರಿಸಲಿ ಎಂದು ಇಳಿಸುತ್ತಾರೆ. ಎಚ್ಚರಿಸಲು ಎಳೆದ ಗೆರೆಯನ್ನು ನೀವು ಹೊರಗಿಡಲು ಬಳಸುತ್ತೀರಿ.

ಸ್ಕ್ರೀನಿಂಗ್ ಎಂದರೆ ರೋಗನಿರ್ಣಯ ಅಲ್ಲ, ಇದು ನಮ್ಮ ಕೆಲಸದ ಮೊದಲ ಪಾಠ. ಯಾವ ಲಕ್ಷಣವೂ ಇಲ್ಲದ ಜನಸಮೂಹದಲ್ಲಿ ಯಾರನ್ನು ಇನ್ನೂ ಒಂದು ಸಲ ನೋಡಬೇಕು ಎಂದು ಜಾಲಿಸುವ ಜರಡಿ ಅದು. ಜರಡಿಯಲ್ಲಿ ನಿಂತದ್ದೆಲ್ಲ ಕಲ್ಲಲ್ಲ. ಒಂದು ಉದಾಹರಣೆ ಮಾಡಿ ನೋಡಿ. ಸಾವಿರ ಜನ, ಅವರಲ್ಲಿ 10 ಮಂದಿಗೆ ಕಾಯಿಲೆ ಇದೆ ಎಂದುಕೊಳ್ಳಿ. ಪರೀಕ್ಷೆ ಒಳ್ಳೆಯದೇ: ಕಾಯಿಲೆ ಇದ್ದವರಲ್ಲಿ ಶೇ. 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ. 90 ಮಂದಿಗೆ ಇಲ್ಲ ಎಂದೇ ಹೇಳುತ್ತದೆ. ಆಗ ಕಾಯಿಲೆಯವರು 9 ಮಂದಿ ಸಿಕ್ಕುತ್ತಾರೆ. ಉಳಿದ 990 ಮಂದಿಯಲ್ಲಿ 99 ಜನಕ್ಕೆ ಸುಳ್ಳು ಪಾಸಿಟಿವ್. ಒಟ್ಟು 108 ಕಾಗದಗಳ ಮೇಲೆ ಪಾಸಿಟಿವ್ ಎಂದು ಬರೆದಿದೆ, ಅದರಲ್ಲಿ ನಿಜ 9. ಮುಂದಿನ ಪರೀಕ್ಷೆಗೆ ಹೋಗಿ ಬಂದರೆ ಆ 99 ಮಂದಿ ನಿಶ್ಚಿಂತರಾಗುತ್ತಾರೆ. ವೈದ್ಯಕೀಯ ಅವರನ್ನು ಬಿಟ್ಟುಬಿಡುತ್ತದೆ. ಕಡತ ಬಿಡುವುದಿಲ್ಲ.

ಇದು ಹೊಸ ವಿಚಾರವೂ ಅಲ್ಲ. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ಸ್ಕ್ರೀನಿಂಗ್‌ಗೆ ಹತ್ತು ಸೂತ್ರ ಬರೆದುಕೊಟ್ಟರು. ಪತ್ತೆಯಾದವರಿಗೆ ರೋಗನಿರ್ಣಯದ, ಚಿಕಿತ್ಸೆಯ ಸೌಲಭ್ಯ ಸಿಗುವಂತಿರಬೇಕು ಎಂಬುದು ಅವುಗಳಲ್ಲಿ ಒಂದು. ಐವತ್ತು ವರ್ಷ ದಾಟಿದರೂ ಇಂದಿಗೂ ಪಾಠ ಹೇಳಿಕೊಡುವುದು ಅದನ್ನೇ. ಪತ್ತೆ ಮಾಡಿದ ಮೇಲೆ ಅದೇ ಕಾರಣಕ್ಕೆ ಚಿಕಿತ್ಸೆಯ ಖರ್ಚಿನ ಬಾಗಿಲು ಮುಚ್ಚುವುದು ಆ ಸೂತ್ರಕ್ಕೆ ನೇರ ವಿರುದ್ಧ.

ಸ್ಕ್ಯಾನ್‌ಗಳ ವಿಷಯ ಇನ್ನೂ ಕಷ್ಟ. ಬೆನ್ನುನೋವೇ ಇಲ್ಲದವರ ಎಂಆರ್‌ಐ, ಸಿಟಿ ಚಿತ್ರಗಳನ್ನು ಒಟ್ಟುಮಾಡಿ ನೋಡಿದ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನಲ್ಲೇ ಶೇ. 37 ಮಂದಿಯ ಡಿಸ್ಕ್ ಸವೆದ ಹಾಗೆ ಕಾಣುತ್ತದೆ, ಎಂಬತ್ತರಲ್ಲಿ ಶೇ. 96. ಅವರು ಯಾರಿಗೂ ನೋವಿಲ್ಲ. ದಕ್ಷಿಣ ಕೊರಿಯಾದಲ್ಲಿ ಆದದ್ದು ಇನ್ನೂ ದೊಡ್ಡ ಎಚ್ಚರಿಕೆ. ಅಲ್ಲಿ ಬೇರೆ ಕ್ಯಾನ್ಸರ್ ತಪಾಸಣೆಯ ಜೊತೆಗೆ ಕತ್ತಿನ ಅಲ್ಟ್ರಾಸೌಂಡ್ ಕೂಡ ಮಾಡಿಸುವ ರೂಢಿ ಹಬ್ಬಿತು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 15 ಪಟ್ಟು ಏರಿತ್ತು. ಸಾವಿನ ಪ್ರಮಾಣ ಮಾತ್ರ ಹೆಚ್ಚೂಕಮ್ಮಿ ಇದ್ದಲ್ಲೇ ಇತ್ತು. ಬದುಕಿರುವಷ್ಟು ದಿನವೂ ತೊಂದರೆ ಕೊಡದೇ ಇರುತ್ತಿದ್ದ ಗಂಟುಗಳಿಗೆ ಕ್ಯಾನ್ಸರ್ ಎಂಬ ಹೆಸರು ಬಿತ್ತು. ಹೆಸರು ಬಿದ್ದ ಮೇಲೆ ಅದು ಜೀವನಪೂರ್ತಿ ಎಲ್ಲ ಫಾರ್ಮುಗಳಲ್ಲೂ ಹಿಂಬಾಲಿಸುವ ಉತ್ತರ.

ನಿಮ್ಮ ಕಡೆಯ ಮಾತು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಕಾಯಿಲೆ ಗೊತ್ತಾದ ಮೇಲೆ ಮಾತ್ರ ಎಲ್ಲರೂ ಬಂದು ಪಾಲಿಸಿ ಕೊಂಡರೆ ವಿಮೆಯೇ ಉಳಿಯುವುದಿಲ್ಲ. ಆರೋಗ್ಯವಂತರ ಕಂತಿನಿಂದಲೇ ರೋಗಿಯ ಬಿಲ್ಲು ತುಂಬಬೇಕು. ಆರೋಗ್ಯವಂತರು ದೂರ ಉಳಿದರೆ ಕಂತು ಏರುತ್ತದೆ, ಏರಿದರೆ ಇನ್ನಷ್ಟು ಆರೋಗ್ಯವಂತರು ಬಿಟ್ಟು ಹೋಗುತ್ತಾರೆ. ನಿಜವಾಗಿ ಕಾಯಿಲೆ ಇದ್ದು, ಮಾತ್ರೆ ನುಂಗುತ್ತಾ, ಇಲ್ಲ ಎಂದು ಬರೆದು ಸಹಿ ಮಾಡುವವರೂ ಇದ್ದಾರೆ. ಅವರ ಪರ ನಾನು ಒಂದಕ್ಷರವನ್ನೂ ಬರೆಯುವುದಿಲ್ಲ. ಮುಂಚಿನಿಂದ ಇದ್ದ ಕಾಯಿಲೆಗೆ ಕೆಲವು ಕಾಲ ಹಣ ಕೊಡದೆ ಕಾಯುವ ಅವಧಿ ಇಡುವುದು, ಅಪಾಯ ಹೆಚ್ಚಿದ್ದರೆ ಲೋಡಿಂಗ್ ಎಂದು ಹೆಚ್ಚುವರಿ ಕಂತು ಹಾಕುವುದು, ಇವೆಲ್ಲ ಇರಲಿ. ನನ್ನ ತಕರಾರು ಇರುವುದು 'ಮುಂಚಿನಿಂದ ಇದ್ದ ಕಾಯಿಲೆ' ಎಂಬ ಮಾತಿನ ಒಳಕ್ಕೆ ಯಾವುದನ್ನೆಲ್ಲ ತುಂಬುತ್ತಿದ್ದೀರಿ ಎಂಬುದರ ಬಗ್ಗೆ.

ಒಂದೊಂದು ದೇಶ ಒಂದೊಂದು ಹಾದಿ ಹಿಡಿದಿದೆ. ಬ್ರಿಟನ್ನಿನ ಖಾಸಗಿ ವಿಮೆಗಳಲ್ಲಿ 'ಮೊರಟೋರಿಯಂ' ಎಂಬ ಪದ್ಧತಿಯಿದೆ: ಸಾಮಾನ್ಯವಾಗಿ ಹಿಂದಿನ 5 ವರ್ಷಗಳಲ್ಲಿ ಲಕ್ಷಣ, ಸಲಹೆ ಅಥವಾ ಚಿಕಿತ್ಸೆ ಇದ್ದ ತೊಂದರೆಗೆ ರಕ್ಷಣೆ ಇಲ್ಲ, ಪಾಲಿಸಿ ಶುರುವಾದ ಮೇಲೆ 2 ವರ್ಷ ತೊಂದರೆಯಿಲ್ಲದೆ ಕಳೆದರೆ ಸಿಗಬಹುದು. ಆಸ್ಟ್ರೇಲಿಯಾದಲ್ಲಿ ಸೇರುವ ಹಿಂದಿನ 6 ತಿಂಗಳಲ್ಲಿ ಲಕ್ಷಣ ಅಥವಾ ಚಿಹ್ನೆ ಇತ್ತೇ ಎಂದು ಕಂಪನಿ ನೇಮಿಸಿದ ವೈದ್ಯರು ತೀರ್ಮಾನಿಸುತ್ತಾರೆ, ಇತ್ತೆಂದರೆ 12 ತಿಂಗಳು ಕಾಯಬೇಕು. ಕಾಯಿಲೆಯ ಹೆಸರು ಗೊತ್ತಿರಲೇಬೇಕೆಂದಿಲ್ಲ. ಭಾರತದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ನಿಯಮಗಳಲ್ಲಿ ಮುಂಚಿನಿಂದ ಇದ್ದ ಕಾಯಿಲೆಗೆ ಕಾಯುವ ಅವಧಿ 36 ತಿಂಗಳು ಮೀರಬಾರದು ಎಂದಿತು. 60 ತಿಂಗಳು ಸತತವಾಗಿ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ವಿಷಯ ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮ್ ಪ್ರಶ್ನಿಸುವಂತಿಲ್ಲ ಎಂದೂ ಹೇಳಿತು. ಅಮೆರಿಕ 2014ರಿಂದ, ಹಿಂದಿನ ಕಾಯಿಲೆಯ ಕಾರಣಕ್ಕೆ ಆರೋಗ್ಯ ವಿಮೆ ನಿರಾಕರಿಸುವುದನ್ನೇ ನಿಲ್ಲಿಸಿತು.

ಒಳ್ಳೆಯ ಹೆಜ್ಜೆಗಳು. ಆದರೂ ಲಕ್ಷಣವೇ ಇಲ್ಲದ ಮನುಷ್ಯನ ಒಂದೇ ಒಂದು ತಪಾಸಣಾ ಅಂಕಿ ಇವುಗಳಲ್ಲಿ ಎಲ್ಲಿ ನಿಲ್ಲುತ್ತದೆ? ಅದು ಲಕ್ಷಣವೇ, ಚಿಹ್ನೆಯೇ, ಸಲಹೆಯೇ? ಶಿಬಿರದ ವೈದ್ಯರು ರಿಪೋರ್ಟಿನ ಕೊನೆಗೆ 'ಮತ್ತೆ ಪರೀಕ್ಷಿಸಿಕೊಳ್ಳಿ' ಎಂದು ಗೀಚಿದರೆ ಅದು ವೈದ್ಯಕೀಯ ಸಲಹೆಯಾಗಿ ಕಾಯಿಲೆಯ ವ್ಯಾಖ್ಯೆಯೊಳಗೆ ಬಂತೇ? ಎಳೆದರೆ ಬರುತ್ತದೆ, ಬಿಟ್ಟರೆ ಇಲ್ಲ. ಎಳೆಯುವ ಹಗ್ಗ ಸದಾ ಹಣ ಕೊಡಬೇಕಾದವರ ಕೈಯಲ್ಲೇ ಇದೆ.

ಅಮೆರಿಕದ್ದೇ ಇನ್ನೊಂದು ಉದಾಹರಣೆ ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿ ದೊಡ್ಡ ಕರುಳಿನ ತಪಾಸಣೆಯ ಖರ್ಚು ಪೂರ್ತಿ ವಿಮೆಯದು ಎಂದು ಕಾನೂನಾಯಿತು. ತಪಾಸಣೆಗೆಂದು ಅರಿವಳಿಕೆ ತೆಗೆದುಕೊಂಡು ಮಲಗಿದವರಿಗೆ ಒಳಗೆ ಒಂದು ಸಣ್ಣ ಗಂಟು ಕಂಡು, ವೈದ್ಯರು ಅಲ್ಲೇ ತೆಗೆದರೆ, ಎಚ್ಚರವಾಗುವಷ್ಟರಲ್ಲಿ ಅದು ತಪಾಸಣೆಯಿಂದ ಚಿಕಿತ್ಸೆಯಾಗಿ ಬದಲಾಗಿ ಬಿಲ್ಲು ಅವರ ಮೇಲೆ ಬೀಳುತ್ತಿತ್ತು. ಗಂಟು ತೆಗೆಯುವುದೂ ತಪಾಸಣೆಯದೇ ಭಾಗ ಎಂದು 2013ರಲ್ಲಿ ಸರ್ಕಾರ ಸ್ಪಷ್ಟನೆ ಕೊಡಬೇಕಾಯಿತು. ಪದದ ಅರ್ಥ ಯಾರ ಕಡೆ ವಾಲಬೇಕು ಎಂದು ಬರೆದು ಹೇಳುವವರೆಗೂ ಅದು ಹಣ ಇರುವವರ ಕಡೆಗೇ ವಾಲುತ್ತದೆ. ಬರೆದು ಹೇಳುವ ಅಧಿಕಾರ ನಿಮಗಿದೆ.

ನನ್ನ ತಮ್ಮನ ವಿಷಯ ಬರೆಯಲೋ ಬೇಡವೋ ಎಂದು ಯೋಚಿಸಿದೆ, ಬರೆಯುತ್ತೇನೆ. ಬಾಯಾರಿಕೆ, ರಾತ್ರಿ ಎರಡು ಮೂರು ಸಲ ಏಳುವುದು. ಅಕ್ಕ ಲ್ಯಾಬಿನಲ್ಲೇ ಕೆಲಸ ಮಾಡುತ್ತಾಳೆ, ಬಂದು ಬೆರಳು ಕೊಟ್ಟಿದ್ದರೆ ಐದು ನಿಮಿಷದ ಮಾತು. ಬರಲಿಲ್ಲ. ಆಗ ತಾನೇ ವಿಮೆಗೆ ಓಡಾಡುತ್ತಿದ್ದ. 'ಮೊದಲು ಪಾಲಿಸಿ ಕೈಗೆ ಬರಲಿ, ಆಮೇಲೆ ಟೆಸ್ಟ್ ಮಾಡಿಸಿ' ಎಂದು ಯಾರೋ ಹೇಳಿದ್ದರಂತೆ. ಹೇಳಿದವರನ್ನು ನಾನು ದೂರುವುದಿಲ್ಲ. ಈ ಮಾತನ್ನು ಏಜೆಂಟರು ಹೇಳುತ್ತಾರೆ, ಸ್ನೇಹಿತರು ಹೇಳುತ್ತಾರೆ, ಕೆಲವು ವೈದ್ಯರೂ ದನಿ ತಗ್ಗಿಸಿ ಹೇಳುತ್ತಾರೆ. ನಿಮ್ಮ ನಿಯಮವನ್ನು ಸರಿಯಾಗಿ ಓದಿಕೊಂಡವರು ಹೇಳುವ ಮಾತೇ ಅದು. ಅವನು ಹನ್ನೊಂದು ತಿಂಗಳು ತಡ ಮಾಡಿದ. ಕೊನೆಗೆ ನಾನೇ ರಕ್ತ ತೆಗೆದೆ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಯಂತ್ರದ ಪರದೆಯ ಮೇಲೆ 10.2 ಎಂದು ಮೂಡಿದಾಗ ಮಾದರಿ ಅದಲುಬದಲಾಗಿದೆಯೇನೋ ಎಂದು ಕೊಳವೆಯ ಮೇಲಿನ ಹೆಸರನ್ನು ಎರಡು ಸಲ ಓದಿದೆ. ಕಣ್ಣಿನ ತಪಾಸಣೆಗೆ ಕಳಿಸಿದೆವು, ಒಳಪೊರೆಯಲ್ಲಿ ಬದಲಾವಣೆ ಆಗಲೇ ಶುರುವಾಗಿತ್ತು. ಅದು ಆ ಹನ್ನೊಂದು ತಿಂಗಳಿಂದಲೇ ಆಯಿತೆಂದು ನಾನು ಹೇಳಲಾರೆ. ಹನ್ನೊಂದು ತಿಂಗಳು ಔಷಧಿಯಿಲ್ಲದೆ ಕಳೆಯಿತು ಎಂಬುದನ್ನು ಹೇಳಬಲ್ಲೆ. ಅವನು ಮಾಡಿದ್ದು ಸರಿಯಲ್ಲ, ಲಕ್ಷಣ ಇದ್ದದ್ದನ್ನೂ ಬಚ್ಚಿಟ್ಟ ಹಾಗಾಯಿತು. ಹಾಗೆ ಮಾಡುವುದೇ ಲಾಭ ಎಂದು ಮಾಮೂಲಿ ಮನುಷ್ಯನಿಗೂ ಅನ್ನಿಸುವಂಥ ನಿಯಮ ಇದ್ದದ್ದೂ ಸರಿಯಲ್ಲ. ತಡವಾಗಿ ಬಂದ ಕಾಯಿಲೆಯ ಬಿಲ್ಲು ದೊಡ್ಡದು, ಅದನ್ನು ಕಟ್ಟಬೇಕಾದವರು ಕೊನೆಗೆ ನೀವೇ.

ವಿಮೆಯಲ್ಲಿ ಪರಮ ವಿಶ್ವಾಸ ಇರಬೇಕು, ಗೊತ್ತಿದ್ದುದನ್ನೆಲ್ಲ ಹೇಳಬೇಕು ಎಂಬ ತತ್ವವನ್ನು ಪ್ರತಿ ತಿರಸ್ಕಾರ ಪತ್ರದಲ್ಲೂ ಉಲ್ಲೇಖಿಸುತ್ತೀರಿ. ಅದರ ಮೂಲ 1766ರ ಒಂದು ತೀರ್ಪು. ಸುಮಾತ್ರದ ಮಾರ್ಲ್‌ಬರೋ ಕೋಟೆಯ ಗವರ್ನರ್ ಕಾರ್ಟರ್ ಎಂಬಾತ, ಶತ್ರುಗಳು ಕೋಟೆ ಹಿಡಿದರೆ ಎಂದು ಲಂಡನ್ನಿನಲ್ಲಿ ವಿಮೆ ಮಾಡಿಸಿದ್ದ. ಫ್ರೆಂಚರು ಹಿಡಿದರು. ಕೋಟೆ ದುರ್ಬಲವಾಗಿದೆ ಎಂಬುದನ್ನು ಮುಚ್ಚಿಟ್ಟ, ಹಣ ಕೊಡುವುದಿಲ್ಲ ಎಂದ ವಿಮೆದಾರ ಬೋಮ್. ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತತ್ವವನ್ನು ಹೇಳಿದರು, ಹೇಳಿ ವಿಮೆದಾರನ ವಿರುದ್ಧವೇ ತೀರ್ಪು ಕೊಟ್ಟರು. ನಂಬಿಕೆ ಇಬ್ಬರಿಗೂ ಅನ್ವಯಿಸುತ್ತದೆ. ಕೇಳಿ ತಿಳಿಯಬಹುದಾಗಿದ್ದನ್ನು ಕೇಳದೆ ಕಂತು ತೆಗೆದುಕೊಂಡು, ನಷ್ಟವಾದ ಮೇಲೆ ನೀನು ಹೇಳಲಿಲ್ಲ ಎನ್ನುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ತೀರ್ಪಿನ ಮೊದಲರ್ಧವನ್ನು ಮಾತ್ರ ಇಷ್ಟು ಕಾಲ ಹಿಡಿದುಕೊಂಡು ಬಂದಿದ್ದೀರಿ. ಬ್ರಿಟನ್ 2012ರ ಕಾನೂನಿನಲ್ಲಿ ಅದನ್ನು ತಿದ್ದಿಕೊಂಡಿತು: ಗ್ರಾಹಕ ತಾನಾಗಿ ಎಲ್ಲವನ್ನೂ ನೆನಪಿಸಿಕೊಂಡು ಹೇಳಬೇಕಾಗಿಲ್ಲ, ಕೇಳಿದ ಪ್ರಶ್ನೆಗೆ ಸಾಕಷ್ಟು ಎಚ್ಚರದಿಂದ ತಪ್ಪಿಲ್ಲದ ಉತ್ತರ ಕೊಟ್ಟರೆ ಸಾಕು. ಪ್ರಶ್ನೆ ಎಷ್ಟು ಸ್ಪಷ್ಟವಾಗಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ವಂಶವಾಹಿ ಪರೀಕ್ಷೆಗಳ ವಿಷಯದಲ್ಲಿ ಜಗತ್ತು ಈ ಸಮಸ್ಯೆಯನ್ನು ಆಗಲೇ ಗುರುತಿಸಿದೆ. ಅಂಥ ಪರೀಕ್ಷೆಯ ಫಲಿತಾಂಶ ಹಿಡಿದು ಜನರಿಗೆ ಭೇದಭಾವ ಮಾಡಬಾರದೆಂದು ಅಮೆರಿಕ 2008ರಲ್ಲಿ, ಕೆನಡಾ 2017ರಲ್ಲಿ ಕಾನೂನು ಮಾಡಿದವು. ಭಯದಿಂದ ಜನ ಪರೀಕ್ಷೆಯಿಂದಲೇ ದೂರ ಉಳಿಯಬಾರದು ಎಂಬುದು ಎರಡರ ಹಿಂದಿದ್ದ ಕಾಳಜಿ. ಅಮೆರಿಕದ್ದು ಜೀವ ವಿಮೆಯನ್ನು ಹೊರಗಿಟ್ಟ ಅರೆಬರೆ ಕಾನೂನು, ಒಪ್ಪುತ್ತೇನೆ. ಆದರೂ ತರ್ಕ ನಿಚ್ಚಳ: ಮುಂದೆ ಬರಬಹುದಾದ ಕಾಯಿಲೆಯ ಸುಳಿವು ಕಾಯಿಲೆಯಲ್ಲ. ಆ ತರ್ಕ ಜೀನ್‌ಗೆ ಅನ್ವಯಿಸುತ್ತದೆ ಎಂದಾದರೆ 108 ಎಂಬ ಸಕ್ಕರೆಯ ಅಂಕಿಗೆ ಏಕೆ ಅನ್ವಯಿಸಬಾರದು? ಫ್ರಾನ್ಸ್ ಇನ್ನೂ ಮುಂದೆ ಹೋಯಿತು. ಸಾಲಕ್ಕೆ ಜೋಡಿಸುವ ವಿಮೆಯಲ್ಲಿ, ಕ್ಯಾನ್ಸರ್ ಚಿಕಿತ್ಸೆ ಮುಗಿದು ಮರುಕಳಿಸದೆ 5 ವರ್ಷ ಕಳೆದವರು ಅದನ್ನು ಹೇಳಬೇಕಾಗಿಯೇ ಇಲ್ಲ ಎಂದು 2022ರಲ್ಲಿ ಕಾನೂನು ಮಾಡಿತು. ನಿಜವಾದ ಕ್ಯಾನ್ಸರನ್ನೇ ಮರೆಯಲು ಒಂದು ದೇಶ ಸಿದ್ಧವಿರುವಾಗ, ಮರುಪರೀಕ್ಷೆಯಲ್ಲಿ ಸರಿಹೋದ ಒಂದು ಅಂಕಿಯನ್ನು ಮರೆಯುವುದು ಅಷ್ಟು ದೊಡ್ಡ ಮಾತಲ್ಲ.

ನಾನು ಕೇಳುತ್ತಿರುವುದು ಇಷ್ಟು. ಲಕ್ಷಣವಿಲ್ಲದೆ ಮಾಡಿಸಿಕೊಂಡ ತಪಾಸಣೆಯ ಫಲಿತಾಂಶ, ವೈದ್ಯರು ರೋಗನಿರ್ಣಯ ಮಾಡಿ ಹೆಸರಿಡುವವರೆಗೆ, ಮುಂಚಿನಿಂದ ಇದ್ದ ಕಾಯಿಲೆಯಾಗುವುದಿಲ್ಲ ಎಂದು ವ್ಯಾಖ್ಯೆಯಲ್ಲೇ ಬರೆಯಿರಿ. ಒಂದು ಅಸಹಜ ಅಂಕಿಯ ಆಧಾರದ ಮೇಲೆ ತೀರ್ಮಾನ ಮಾಡುವ ಕಂಪನಿ, ಅದರ ನಂತರದ ಮರುಪರೀಕ್ಷೆ ಇದೆಯೇ ಎಂದು ಕೇಳಿ, ಇದ್ದರೆ ಅದನ್ನೂ ಕಡತಕ್ಕೆ ಸೇರಿಸಲೇಬೇಕು ಎಂದು ಆದೇಶಿಸಿ. 'ಯಾವುದಾದರೂ ಅಸಹಜ ಫಲಿತಾಂಶ' ಎಂಬ ಬಲೆಯಂಥ ಪ್ರಶ್ನೆಯನ್ನು ಫಾರ್ಮಿನಿಂದ ತೆಗೆಸಿ. ಯಾವ ಪರೀಕ್ಷೆ, ಎಷ್ಟು ವರ್ಷದೊಳಗೆ, ಯಾವ ಗೆರೆ ದಾಟಿದ್ದರೆ ಎಂದು ಬಿಡಿಸಿ ಕೇಳಲಿ. ತಿರಸ್ಕಾರ ಪತ್ರದಲ್ಲಿ, ಆ ಅಂಕಿಗೂ ಈಗ ಬಂದ ಕಾಯಿಲೆಗೂ ಏನು ಸಂಬಂಧ ಎಂಬುದನ್ನು ವೈದ್ಯರೊಬ್ಬರು ಸಹಿ ಮಾಡಿ ವಿವರಿಸಲಿ. ಶಿಬಿರ ನಡೆಸುವವರಿಗೂ ಒಂದು ಕರ್ತವ್ಯ ಹಾಕಿ: ಈ ರಿಪೋರ್ಟು ಯಾರ್ಯಾರ ಕೈ ಸೇರುತ್ತದೆ, ಉದ್ಯೋಗದಾತರಿಗೆ ಹೋಗುತ್ತದೆಯೇ, ವಿಮೆಯ ಅರ್ಜಿಯಲ್ಲಿ ಹೇಳಬೇಕಾಗುತ್ತದೆಯೇ ಎಂಬುದನ್ನು ಸೂಜಿ ಚುಚ್ಚುವ ಮೊದಲೇ, ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಈಗ ನಾವು ಪಡೆಯುವ ಒಪ್ಪಿಗೆ ಸೂಜಿಗೆ ಮಾತ್ರ ಸಿಕ್ಕಿದ ಒಪ್ಪಿಗೆ.

ಈ ಪತ್ರ ಓದುತ್ತಿರುವ ಮಿಕ್ಕವರಿಗೂ ಒಂದು ಮಾತು. ನಿಯಮ ಬದಲಾಗುವವರೆಗೆ ದಯವಿಟ್ಟು ಏನನ್ನೂ ಮುಚ್ಚಿಡಬೇಡಿ. ಫಾರ್ಮಿನಲ್ಲಿ ಕೇಳಿದ್ದಕ್ಕೆ ಇದ್ದದ್ದನ್ನು ಬರೆಯಿರಿ, ಹಳೆಯ ರಿಪೋರ್ಟು ಲಗತ್ತಿಸಿ, ಮರುಪರೀಕ್ಷೆಯದನ್ನೂ ಲಗತ್ತಿಸಿ. ಏಜೆಂಟ್ 'ಇದೆಲ್ಲ ಬೇಡ ಬಿಡಿ' ಎಂದರೂ ಬಿಡಬೇಡಿ, ಸಹಿ ನಿಮ್ಮದು. ಪಾಲಿಸಿ ಬಂದ ಮೇಲೆ ಅದರ ಜೊತೆ ಬರುವ ಅರ್ಜಿಯ ಪ್ರತಿಯನ್ನು ತೆರೆದು, ನೀವು ಹೇಳಿದ್ದೇ ಅಲ್ಲಿ ಬರೆದಿದೆಯೇ ನೋಡಿ. ಅಂಕಿ ಗೆರೆ ದಾಟಿದ್ದರೆ ಹೆದರಿ ಸುಮ್ಮನಾಗಬೇಡಿ, ಮತ್ತೆ ಪರೀಕ್ಷಿಸಿ, ಅದರ ಬಗ್ಗೆ ವೈದ್ಯರಿಂದ ಎರಡು ಸಾಲು ಬರೆಸಿಕೊಳ್ಳಿ: 'ಮರುಪರೀಕ್ಷೆಯಲ್ಲಿ ಸಾಮಾನ್ಯ, ಚಿಕಿತ್ಸೆ ಅಗತ್ಯವಿಲ್ಲ.' ಆ ಎರಡು ಸಾಲು ಮುಂದೊಂದು ದಿನ ನಿಮ್ಮನ್ನು ಕಾಯಬಹುದು. ಲಕ್ಷಣ ಇದ್ದರಂತೂ ಪಾಲಿಸಿಗಾಗಿ ಒಂದು ದಿನವೂ ಕಾಯಬೇಡಿ. ನನ್ನ ತಮ್ಮನ ಕಣ್ಣಿನ ಮಾತು ಅದಕ್ಕೇ ಬರೆದೆ.

ಪ್ರಾಧಿಕಾರದವರೇ, ನಮ್ಮ ಕೌಂಟರಿನಲ್ಲಿ ಈಚೆಗೆ ಒಂದು ಹೊಸ ರೂಢಿ ಕಾಣುತ್ತಿದ್ದೇನೆ. ಜನ ಹೆಸರು ಹೇಳುವ ಮೊದಲು, "ಇದು ಎಲ್ಲಾದರೂ ದಾಖಲಾಗುತ್ತಾ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಕೆಲವರು ತೋಳು ಚಾಚುತ್ತಾರೆ. ಕೆಲವರು ಒಂದು ಕ್ಷಣ ನಿಂತು, ಮೇಲಕ್ಕೆ ಮಡಿಸಿದ್ದ ತೋಳನ್ನು ಕೆಳಗಿಳಿಸಿಕೊಂಡು, ನಾಳೆ ಬರುತ್ತೇನೆ ಎಂದು ಹೊರಡುತ್ತಾರೆ. ಹಾಗೆ ಹೋದವರು ಮತ್ತೆ ಬಂದದ್ದನ್ನು ನಾನು ನೋಡಿಲ್ಲ. ಅವರಿಗೆ ಹೇಳಲು ನನಗೊಂದು ಉತ್ತರ ಬೇಕು, ಅದು ನಿಮ್ಮ ಮುದ್ರೆಯಿರುವ ಲಿಖಿತ ಉತ್ತರ ಆಗಿರಬೇಕು. ಕೌಂಟರಿನ ಗಾಜಿಗೆ ಅಂಟಿಸಲು ಜಾಗ ಮಾಡಿಟ್ಟಿದ್ದೇನೆ.

ಇಂತಿ,
ಒಬ್ಬ ಲ್ಯಾಬ್ ಟೆಕ್ನೀಷಿಯನ್